ನೀಲವ್ವತ್ತೆಗೆ ಸ್ವರಾಜ್ಯದ ಅರ್ಥ ಹೇಳಿದ್ದು

ಮಾಸ್ತರಿಕೆ ಮಾಡುವವರಿಗೆಲ್ಲ ಒಂದು ಚಟ ಇರುತ್ತದೆ. ಎದುರಿಗೆ ಯಾರು ಸಿಕ್ಕರೂ ಅವರಿಗೆ ಏನಾದರೊಂದರ ಅರ್ಥ ಬಿಡಿಸಿ ಹೇಳದ ಹೊರತು ನಮಗೆ ಸಮಾಧಾನವಿಲ್ಲ. ಕ್ಷೌರಕ್ಕೆ ಕುಳಿತರೆ ಕತ್ತರಿ ಹಿಡಿದವನಿಗೆ ಹೇಳುತ್ತೇವೆ, ಸಂತೆಗೆ ಹೋದರೆ ಬದನೆಕಾಯಿ ಮಾರುವವಳಿಗೆ ಹೇಳುತ್ತೇವೆ. ಅವರು ಪಾಪ, ತಲೆಯಾಡಿಸಿ ತಮ್ಮ ಕೆಲಸಕ್ಕೆ ತೊಡಗುತ್ತಾರೆ. ಯಾರೂ ನಮ್ಮ ಮಾತನ್ನು ಪೂರ್ತಿ ನಂಬುವುದಿಲ್ಲವಾದ್ದರಿಂದ ಲೋಕ ಇದ್ದಲ್ಲಿಯೇ ಇದೆ. ನಂಬಿಬಿಟ್ಟರೆ ಏನಾದೀತು ಎಂಬುದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ, ಅದೂ ನಮ್ಮ ಮನೆಯಲ್ಲಿಯೇ.

ಆಗ ನಾನು ಹುಕ್ಕೇರಿಯ ಹಾಯಸ್ಕೂಲೊಂದರಲ್ಲಿ ಇತಿಹಾಸ ಮತ್ತು ಪೌರನೀತಿ ಕಲಿಸುತ್ತಿದ್ದೆ. ದೇಶಕ್ಕೆ ಸ್ವರಾಜ್ಯ ಬಂದು ಏಳೆಂಟು ವರ್ಷಗಳಾಗಿದ್ದವು. 'ಸ್ವ' ಎಂಬ ಅಕ್ಷರಕ್ಕೆ ಅದು ಸುಗ್ಗಿಯ ಕಾಲ. ಸ್ವರಾಜ್ಯ, ಸ್ವಾತಂತ್ರ್ಯ, ಸ್ವದೇಶಿ, ಸ್ವಾವಲಂಬನೆ, ಇವು ಸಾಲದೆಂದು ಮುನಸಿಪಾಲಿಟಿಗೂ ಲೋಕಲ್ ಬೋರ್ಡಿಗೂ ಸೇರಿಸಿ 'ಸ್ಥಾನಿಕ ಸ್ವರಾಜ್ಯ' ಎಂಬ ಇನ್ನೊಂದು. ಇವುಗಳ ನಡುವಿನ ವ್ಯತ್ಯಾಸವನ್ನು ಹಲಗೆಯ ಮೇಲೆ ಗೆರೆ ಹೊಡೆದು ತೋರಿಸುವುದರಲ್ಲಿ ನನಗೆ ಹೆಸರಿತ್ತು. ನಮ್ಮೂರು ಮೂಡಲಗಿಯಲ್ಲಿ, ಸ್ವರಾಜ್ಯ ಬರುತ್ತದೆಂದು ಸುದ್ದಿ ಹಬ್ಬಿದ ದಿನಗಳಲ್ಲಿ, ನೆರೆಮನೆಯ ಮುದುಕನೊಬ್ಬ ಅದು ಯಾರೋ ದೊಡ್ಡ ಮನುಷ್ಯನ ಹೆಸರೆಂದು ತಿಳಿದು, "ಬಂದ್ರ ಯಾರ ಮನ್ಯಾಗ ಇಳ್ಕೋತಾನ?" ಎಂದು ಕೇಳಿದ್ದನಂತೆ. ಈ ಕಥೆ ಹೇಳಿ ನಾನು ತರಗತಿಯನ್ನು ನಗಿಸುತ್ತಿದ್ದೆ. ಮುದುಕನ ಪ್ರಶ್ನೆ ಎಷ್ಟು ಸರಿಯಾದದ್ದು ಎಂಬುದು ಆಗ ಹೊಳೆದಿರಲಿಲ್ಲ.

ಏಕೆಂದರೆ ನನ್ನ ಮನೆಯಲ್ಲಿ ಅದು ಇಳಿದುಕೊಂಡಿರಲಿಲ್ಲ. ನನ್ನ ಮನೆಯನ್ನು ಆಳುತ್ತಿದ್ದವಳು ನೀಲವ್ವತ್ತೆ, ಅಂದರೆ ನನ್ನ ತಂದೆಯ ತಂಗಿ. ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನ ತಾಯಿ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದರಿಂದ ಅತ್ತೆಯ ಕೈಗೆ ನಾನು ಸಿಕ್ಕೆ, ಅಥವಾ ನನ್ನ ಕೈಗೆ ಅತ್ತೆ ಸಿಕ್ಕಳು. ಹುಕ್ಕೇರಿಯಲ್ಲಿ ನೌಕರಿ ಸಿಕ್ಕಾಗ ಅಪ್ಪ, "ಇವನೊಬ್ಬನಽ ಹೋದ್ರ ಉಪಾಸ ಸಾಯ್ತಾನ" ಎಂದು ನನ್ನ ಹಾಸಿಗೆ ಸುರುಳಿ, ಒಂದು ಚೀಲ ಜೋಳ ಮತ್ತು ಅತ್ತೆಯನ್ನು ಒಟ್ಟಿಗೆ ಕಳಿಸಿಕೊಟ್ಟ. ಅತ್ತೆಯನ್ನು ಯಾರೂ ಕೇಳಲಿಲ್ಲ. ಜೋಳದ ಚೀಲವನ್ನು ಕೇಳುತ್ತಾರೆಯೇ? ಹೀಗೆ ಬಂದ ಅತ್ತೆ ನನ್ನ ಏಳುವ ಹೊತ್ತು, ಮಲಗುವ ಹೊತ್ತು, ಎಣ್ಣೆ ಹಚ್ಚುವ ವಾರ, ಯಾವ ಅಂಗಿಯ ಮೇಲೆ ಯಾವ ಕೋಟು ಎಲ್ಲವನ್ನೂ ತನ್ನ ಸ್ವಾಧೀನಕ್ಕೆ ತೆಗೆದುಕೊಂಡಳು. ನಾನು ಇಪ್ಪತ್ತಾರು ವರ್ಷದ ಬಿ.ಎ. ಪಾಸಾದ ಗಂಡಸು; ಮಜ್ಜಿಗೆಗೆ ಉಪ್ಪು ಎಷ್ಟು ಬೇಕೆಂಬುದು ಕೂಡ ನನ್ನ ಅಧಿಕಾರದಲ್ಲಿರಲಿಲ್ಲ.

ಹೇಗೋ ನಡೆಯುತ್ತಿತ್ತು. ಒಂದು ದಿನ ನಾನು ಹಲಗೆಯ ಮೇಲೆ 'ಸ್ವರಾಜ್ಯವೆಂದರೆ ತಮ್ಮ ಆಡಳಿತವನ್ನು ತಾವೇ ನಡೆಸಿಕೊಳ್ಳುವುದು' ಎಂದು ದುಂಡಗೆ ಬರೆದು, ಹುಡುಗರ ಕಡೆಗೆ ತಿರುಗುವುದಕ್ಕೂ ಬಾಗಿಲಲ್ಲಿ ಅತ್ತೆ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಕೈಯಲ್ಲಿ ನನ್ನ ಮಫ್ಲರು. "ಬಾಳ್ಯಾ, ಕಿವಿ ಕಟ್ಟಿಕೊಂಡು ಹೇಳು. ಗಾಳಿ ಬಾಳ ಐತಿ" ಎಂದಳು. ನಾನು ಬೇಡವೆನ್ನಬೇಕೆಂದಿದ್ದೆ. ಆದರೆ ಕೈಗಳಿಗೆ ಇಪ್ಪತ್ತಾರು ವರ್ಷದ ರೂಢಿ. ಅವು ತಾವಾಗಿಯೇ ಹೋಗಿ ಮಫ್ಲರು ಇಸಿದುಕೊಂಡು ಕಿವಿಗೆ ಸುತ್ತಿಬಿಟ್ಟವು. ಆ ತರಗತಿ ಅಷ್ಟು ನಕ್ಕದ್ದನ್ನು ನಾನು ಮುಂದೆಂದೂ ಕೇಳಲಿಲ್ಲ. ನಮ್ಮ ಡ್ರಿಲ್ ಮಾಸ್ತರರು ಸಂಜೆ ಚಹಾ ಕುಡಿಯುತ್ತ, "ದೇಶದ್ದು ಇರ್ಲಿ ಬಿಡ್ರಿ ಸರ, ನಿಮಗಿನ್ನೂ ಸ್ಥಾನಿಕ ಸ್ವರಾಜ್ಯನಽ ಸಿಕ್ಕಿಲ್ಲ. ಅದು ತಾನಾಗಿ ಬರೂದಿಲ್ರಿ, ಕೇಳಿ ತಗೋಬೇಕು" ಎಂದು ಉಪದೇಶ ಮಾಡಿದರು. ಅವರಿಗೆ ಹೆಂಡತಿಯ ಮುಂದೆ ಕೆಮ್ಮಲೂ ಧೈರ್ಯವಿರಲಿಲ್ಲ ಎನ್ನುವುದು ಬೇರೆ ಮಾತು.

ಮನೆಗೆ ಬಂದವನು ಕೋಟು ಸಹ ಕಳಚದೆ ಒಲೆಯ ಎದುರಿಗೆ ನಿಂತೆ.

"ಅತ್ತಿ, ನನಗ ಸ್ವರಾಜ್ಯ ಬೇಕು."

"ಅದು ಬಂದು ಬಾಳ ದಿನ ಆತಲ್ಲೋ?"

"ದೇಶಕ್ಕ ಬಂದೈತಿ. ಈ ಮನಿಗೆ ಬಂದಿಲ್ಲ."

ಅತ್ತೆ ಕೈಯಲ್ಲಿದ್ದ ಹಿಟ್ಟನ್ನು ಪರಾತದಲ್ಲಿ ಬಿಟ್ಟು, "ಹಂಗಂದ್ರೇನು? ಬಿಡಿಸಿ ಹೇಳು" ಎಂದಳು. ಬಿಡಿಸಿ ಹೇಳು! ಮಾಸ್ತರನಿಗೆ ಇದಕ್ಕಿಂತ ಸಿಹಿಯಾದ ಮಾತುಂಟೆ? ನಾನು ಮಣೆ ಎಳೆದುಕೊಂಡು ಕುಳಿತು, ಇನ್ನೊಬ್ಬರ ಅಂಕೆಯಿಲ್ಲದಿರುವುದು ಸ್ವಾತಂತ್ರ್ಯ, ತನ್ನ ಅಂಕೆಯಲ್ಲಿ ತಾನಿರುವುದು ಸ್ವರಾಜ್ಯ, ತನ್ನ ಕಾಲ ಮೇಲೆ ತಾನು ನಿಲ್ಲುವುದು ಸ್ವಾವಲಂಬನೆ, ಮನಸ್ಸಿಗೆ ಬಂದಂತೆ ಕುಣಿಯುವುದು ಸ್ವೇಚ್ಛೆ, ಮೊದಲಿನ ಮೂರು ಒಳ್ಳೆಯವು, ಕೊನೆಯದು ಕೆಟ್ಟದ್ದು ಎಂದು ಒಂದೂ ಬಿಡದೆ ಹೇಳಿದೆ. ಅತ್ತೆ ಪುರಾಣ ಕೇಳುವವರ ಹಾಗೆ ಕೇಳಿದಳು. ನನ್ನ ಯಾವ ವಿದ್ಯಾರ್ಥಿಯೂ ಎಂದೂ ಹಾಗೆ ಕೇಳಿರಲಿಲ್ಲ.

"ಅಂದ್ರ ಇನ್ನ ಮ್ಯಾಲೆ ನಿನ್ನ ಊಟ, ನಿನ್ನ ಅರಿವಿ, ನಿನ್ನ ಹಾಸಿಗಿ ನೀನಽ ನೋಡ್ಕೋತಿ."

"ಅಷ್ಟಲ್ಲ ಅತ್ತಿ, ಊಟ ನೀನಽ..."

"ಅದ್ಹೆಂಗ? ಇಂಗ್ಲೀಷರು ಹೋದ ಮ್ಯಾಲೆ ಹೊಳ್ಳಿ ಬಂದು ಅಡಿಗಿ ಮಾಡಿ ಕೊಟ್ಟು ಹೋಗ್ತಿದ್ರೇನು?"

ಅತ್ತೆ ಒಲೆಯ ಕಟ್ಟಿಗೆಯನ್ನು ಮುಂದಕ್ಕೆ ನೂಕಿ, ಸಣ್ಣ ದನಿಯಲ್ಲಿ ಕೇಳಿದಳು: "ಇದು ನಿನಗೊಬ್ಬನಿಗಽ ಬರ್ತೈತೋ, ನನಗೂ ಬರ್ತೈತೋ?"

"ಎಲ್ಲಾರಿಗೂ ಬರ್ತೈತಿ ಅತ್ತಿ" ಎಂದೆ ನಾನು, ಕೈ ಬೀಸಿ, ಬಹಳ ಉದಾರವಾಗಿ.

ಮರುದಿನ ನನ್ನನ್ನು ಯಾರೂ ಎಬ್ಬಿಸಲಿಲ್ಲ. ಸಾಲೆಗೆ ತಡವಾಗಿ ಹೋದೆ. ಬಂದು ಒಲೆ ಹೊತ್ತಿಸಲು ಹೋಗಿ ಮನೆಯ ತುಂಬ ಹೊಗೆ ಹಾಕಿದೆ. ಜೋಳದ ನುಚ್ಚು ಕುದಿಸಿದರೆ ತಳ ಸೀದು ಹೋಯಿತು, ಮೇಲಿನದು ಹಸಿಯಾಗಿಯೇ ಉಳಿಯಿತು. ನನ್ನ ನುಚ್ಚಿನ ಮೇಲ್ಮನೆಗೂ ಕೆಳಮನೆಗೂ ಯಾವ ಮಾತಿನಲ್ಲಿಯೂ ಒಮ್ಮತವಿರಲಿಲ್ಲ. ಅತ್ತೆ ತನ್ನ ಪಾಲಿನ ಎರಡು ರೊಟ್ಟಿ ಬಡಿದುಕೊಂಡು, ಉಂಡು, ಕಟ್ಟೆಯ ಮೇಲೆ ಹೋಗಿ ಕುಳಿತಳು. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಗಿದ್ದು. ಸಿಟ್ಟಾಗಿದ್ದರೆ ರಮಿಸಬಹುದಿತ್ತು. ಅವಳು ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದೋ ಕೈಗಳನ್ನು ನೋಡುವಂತೆ ನೋಡುತ್ತ ಕುಳಿತಿರುತ್ತಿದ್ದಳು. ನಾಲ್ಕು ದಿನ ಕಳೆದ ಮೇಲೆ ತಾನಾಗಿಯೇ ಹೇಳಿದಳು:

"ಏನ್ ಮಾಡಬೇಕಂತ ತಿಳೀವಲ್ದೋ ಬಾಳ್ಯಾ. ನಿನಗೇನ್ ಬೇಕು ಅಂತ ಯಾರೂ ನನ್ನ ಕೇಳಿದ್ದಿಲ್ಲ. ನಾನೂ ಕೇಳ್ಕೊಂಡಿದ್ದಿಲ್ಲ. ಈಗ ಕೇಳ್ಕೊಂಡ್ರ ಒಳಗಿಂದ ದನಿನಽ ಬರವಲ್ದು."

ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಅವಳೇ ಮತ್ತೆ, "ಗೋಕಾವಿ ದಬದಬಿ ನೋಡಬೇಕು" ಎಂದಳು. ಗೋಕಾಕ ಜಲಪಾತವನ್ನು ನಮ್ಮ ಕಡೆಯ ಹಿರಿಯರು ಕರೆಯುವುದು ಹಾಗೆ. ಮೂಡಲಗಿಯಿಂದ ಅದೇನು ದೂರವಲ್ಲ, ಮಳೆಗಾಲದಲ್ಲಿ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೋಗಿಬರುತ್ತಿತ್ತು. ಬುತ್ತಿ ಕಟ್ಟುತ್ತಿದ್ದವಳು ಅತ್ತೆ. ಆದ್ದರಿಂದ ಅವಳು ಹೋಗಿರಲಿಲ್ಲ.

"ಐತವಾರ ನಾ ಕರ್ಕೊಂಡು ಹೋಗ್ತೇನಿ" ಎಂದೆ.

"ನೀ ಕರ್ಕೊಂಡು ಹೋದ್ರ ಅದು ನಿನ್ನ ಸ್ವರಾಜ್ಯ ಆಗ್ತೈತಿ."

ಹೊರಟೇಬಿಟ್ಟಳು, ಒಬ್ಬಳೇ. ಜೀವನದಲ್ಲಿ ಅವಳು ಒಬ್ಬಳೇ ಹೋಗಿದ್ದ ಅತಿ ದೂರದ ಜಾಗವೆಂದರೆ ಬಾವಿ, ಅದು ಬಿಟ್ಟರೆ ನನ್ನ ಸಾಲೆ. ಮೋಟಾರು ಹತ್ತಿಸಿ, ಕಂಡಕ್ಟರನಿಗೆ, ಅವನ ಬಾಜೂ ಕುಳಿತವನಿಗೆ, ಡ್ರೈವರನಿಗೆ ಮೂವರಿಗೂ ಅತ್ತೆಯನ್ನು ಎಲ್ಲಿ ಇಳಿಸಬೇಕೆಂದು ಹೇಳಿದೆ. ಅತ್ತೆ ಕಿಟಕಿಯಿಂದ, "ಬಾಳ್ಯಾ, ನನಗೂ ಬಾಯಿ ಐತಿ" ಎಂದಳು. ಸಂಜೆ ನಾನು ನಿಲ್ದಾಣಕ್ಕೆ ಹೋಗಿ ಕಾದೆ. ಒಂದೊಂದೇ ಗಾಡಿ ಬಂದು, ಎಲ್ಲರೂ ಇಳಿದು, ಅತ್ತೆ ಮಾತ್ರ ಇಳಿಯಲಿಲ್ಲ. ಕಡೆಯ ಗಾಡಿಯೂ ಬಂದು ಹೋಯಿತು. ಘಟಪ್ರಭೆ ತುಂಬಿ ಹರಿಯುತ್ತಿದ್ದ ದಿನಗಳವು.

ಬೆಳಗಿನ ಮೊದಲ ಮೋಟಾರಿಗೆ ಗೋಕಾಕಿಗೆ ಹೊರಟೆ. ನಡುವೆ ಜಲಪಾತದ ಹತ್ತಿರ ಇಳಿದು, ನೀರಿನ ಭೋರ್ಗರೆತದಲ್ಲಿ ಕಂಡಕಂಡವರ ಕಿವಿಯಲ್ಲಿ ಕೂಗಿ ಕೇಳಿದೆ. "ಬೆಳ್ಳಗಿನ ಸೀರಿ, ಕೈಯಾಗ ಬುತ್ತಿಗಂಟು" ಎಂದರೆ ಎಲ್ಲ ಹೆಂಗಸರ ಕೈಯಲ್ಲೂ ಬುತ್ತಿಗಂಟು. ಕಡೆಗೆ ಊರಿಗೆ ಬಂದು ನಿಲ್ದಾಣದಲ್ಲಿ ಒಬ್ಬ ಹಮಾಲನನ್ನು ಕೇಳಿದೆ. ಅವನು ಹಿಂದಿನ ಓಣಿಯತ್ತ ಬೆರಳು ಮಾಡಿ, "ಗಂಗವ್ವನ ಖಾನಾವಳ್ಯಾಗ ನಿನ್ನೆಯಿಂದ ಯಾರೋ ಹೊಸಾಕಿ ಬಂದಾಳ್ರಿ. ರೊಟ್ಟಿ ಏನ್ ಬಡೀತಾಳ್ರಿ, ಹಿಂದ ಇಟ್ಟ ದೀಪ ಕಾಣಬೇಕು, ಅಷ್ಟು ತೆಳ್ಳಗ" ಎಂದ. ನನಗೆ ಗುರುತು ಸಿಕ್ಕಿತು.

ಹೋಗಿ ನೋಡುತ್ತೇನೆ, ಅತ್ತೆ ಸೆರಗು ಬಿಗಿದು ಒಲೆಯ ಮುಂದೆ ಕುಳಿತಿದ್ದಾಳೆ. ಆ ಕಡೆ ಬಲಗೈಗೆ ಬಟ್ಟೆ ಸುತ್ತಿಕೊಂಡ ದಪ್ಪನೆಯ ಹೆಂಗಸು ಎಡಗೈಯಿಂದ ಚಟ್ನಿ ಬಡಿಸುತ್ತಿದ್ದಾಳೆ, ಅವಳೇ ಗಂಗವ್ವ. ಗೋಡೆಗುಂಟ ಸಾಲಾಗಿ ಕುಳಿತ ಹಮಾಲರು, ಗಾಡಿಯವರು, ಕೋರ್ಟಿಗೆ ಬಂದ ರೈತರು. ಅತ್ತೆ ನನ್ನನ್ನು ನೋಡಿ, ನಾನು ಮುಂಜಾನೆ ಅಲ್ಲಿಂದಲೇ ಎದ್ದು ಹೋದವನೆಂಬಂತೆ, "ಬಂದ್ಯಾ? ಕೈ ತೊಳ್ಕೊಂಡು ಸಾಲಿನ್ಯಾಗ ಕೂಡು" ಎಂದಳು. ಸಾಲಿನ ಕೊನೆಯವನು ನಾನೇ ಆಗಿದ್ದರಿಂದ ರೊಟ್ಟಿ ನನಗೆ ಕೊನೆಗೇ ಬಂತು. ಹುಟ್ಟಿದಂದಿನಿಂದ ಅತ್ತೆಯ ಕೈಯ ಮೊದಲ ರೊಟ್ಟಿ ಉಂಡವನಿಗೆ ಆ ಕೊನೆಯ ರೊಟ್ಟಿ ಅವಮಾನವೆನಿಸಬೇಕಿತ್ತು. ಆದರೆ ಹಸಿವು ದೊಡ್ಡದು; ನಾಲ್ಕು ತಿಂದೆ.

ಊಟದ ಹೊತ್ತು ಮುಗಿದ ಮೇಲೆ ಅತ್ತೆ ಹೇಳಿದಳು. ಜಲಪಾತ ನೋಡಿ, ಮರಳಿ ಹೋಗುವ ಗಾಡಿಯಲ್ಲಿ ಜಾಗ ಸಿಗಲೆಂದು ಗೋಕಾಕಿಗೇ ಬಂದು, ಈ ಖಾನಾವಳಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದ್ದಾಳೆ. ಒಳಗೆ ಗಂಗವ್ವ ಎಸರು ಚೆಲ್ಲಿ ಸುಟ್ಟುಕೊಂಡ ಕೈಯಿಂದ ರೊಟ್ಟಿ ಬಡಿಯಲಾರದೆ ಅಳುತ್ತಿದ್ದಾಳೆ, ಉಣ್ಣುವವರು ಕೂಗಾಡುತ್ತಿದ್ದಾರೆ. "ರೊಟ್ಟಿ ಬಡಿಯೋ ಸಪ್ಪಳಾ ಕೇಳಿದೆ, ತಾಳ ತಪ್ಪಿತ್ತೋ. ತಡ್ಕೊಳ್ಳಾಕ ಆಗಲಿಲ್ಲ. ಒಳಗ ಹೋದೆ."

"ದಬದಬಿ ಹೆಂಗಿತ್ತು ಅತ್ತಿ?"

ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. "ತೂಗು ಸೇತುವಿ ನಡುವ ಹೋಗಿ ನಿಂತೆ. ಬಾಳ ಹೊತ್ತು ನಿಂತೆ. ಯಾರೂ 'ಸಾಕು ನಡಿ' ಅನ್ನಲಿಲ್ಲ. ಅದಕ್ಕಽ ಅಳು ಬಂತು ನೋಡು."

ಗಂಗವ್ವನ ಕೈ ವಾಸಿಯಾಗುವ ತನಕ ಎಂದು ಅತ್ತೆ ಅಲ್ಲಿ ಉಳಿದಳು. ಕೈ ವಾಸಿಯಾಯಿತು. "ಇಬ್ರೂ ಕೂಡಿ ನಡಸೂಣು, ನೀ ಹೋಗಬ್ಯಾಡಬೇ" ಎಂದು ಗಂಗವ್ವ ಕೈ ಹಿಡಿದಳು. ಯಾರೋ ತನ್ನನ್ನು ಇರು ಎಂದು ಬೇಡಿಕೊಂಡದ್ದು, ಅಪ್ಪಣೆ ಮಾಡಿದ್ದಲ್ಲ, ಅತ್ತೆಗೆ ಹೊಸದು; ಇದ್ದುಬಿಟ್ಟಳು. ನಾನು ಹುಕ್ಕೇರಿಯಲ್ಲಿ ವಾರವಿಡೀ ಸ್ವರಾಜ್ಯ ಅನುಭವಿಸಿ, ಐತವಾರ ಗೋಕಾಕಿಗೆ ಹೋಗಿ ಸಾಲಿನಲ್ಲಿ ಕುಳಿತು ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದೆ. ಅಪ್ಪನಿಗೆ ಮಾತ್ರ ತಿಳಿಸಿರಲಿಲ್ಲ. ಧೈರ್ಯ ಸಾಲದೆ ಅಲ್ಲ, ಸರಿಯಾದ ಶಬ್ದಗಳು ಸಿಗಲೆಂದು ಕಾಯುತ್ತಿದ್ದೆ. ಇದನ್ನು ಧೈರ್ಯ ಸಾಲದ್ದು ಎಂದೇ ಜನ ಕರೆಯುತ್ತಾರೆ.

ಶಬ್ದಗಳಿಗಿಂತ ಮೊದಲು ಅಪ್ಪನೇ ಬಂದ. ಮೂಡಲಗಿಯ ಸಂತೆಯಲ್ಲಿ ಯಾರೋ ಅವನನ್ನು ನಿಲ್ಲಿಸಿ, "ಗೋಕಾವ್ಯಾಗ ನಿಮ್ಮ ತಂಗಿ ಕೈಯಿಂದ ಉಂಡು ಬಂದೆ, ಏನ್ ರೊಟ್ಟಿ!" ಎಂದು ಹೊಗಳಿದ್ದರು. ಹೊಗಳಿಕೆ ಕೇಳಿ ಇಷ್ಟು ಸಿಟ್ಟಾದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

"ಏನ್ ಹೇಳಿದಿ ನೀ ಆಕಿಗೆ?"

"ಸ್ವರಾಜ್ಯದ ಅರ್ಥ ಹೇಳಿದ್ನಿರಿ ಅಪ್ಪಾ."

"ಅರ್ಥ ಹೇಳಾಕ ಮನಿ ಹೆಣ್ಮಗಳಽ ಬೇಕಾಗಿತ್ತೇನು? ಸಾಲ್ಯಾಗ ಅಷ್ಟು ಹುಡುಗೂರು ಅದಾರ, ಅವರಿಗೆ ಹೇಳಬೇಕಿಲ್ಲ?"

"ಅವರಿಗೂ ಹೇಳೇನ್ರಿ."

"ಅವರೊಳಗ ಯಾರರ ಮನಿ ಬಿಟ್ಟು ಹೋಗ್ಯಾರೇನು?"

"ಇಲ್ರಿ. ಅವರು ಬರೇ ಬಾಯಿಪಾಠ ಮಾಡ್ತಾರ."

ಅಪ್ಪ ರುಮಾಲು ಸರಿಮಾಡಿಕೊಂಡು, "ನಡಿ ಗೋಕಾವಿಗೆ" ಎಂದ. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿಯೇ ಒಂದು ಭಾಷಣ ಕಟ್ಟುತ್ತ ಬಂದೆ. ಅಪ್ಪ ಕೆಟ್ಟವನಲ್ಲ. ತಂಗಿಯನ್ನು ಎಂದೂ ಹೊಡೆದವನಲ್ಲ, ಬೈದವನಲ್ಲ. ವರ್ಷಕ್ಕೆರಡು ಸೀರೆ ತಪ್ಪಿಸಿದವನಲ್ಲ. ತಂಗಿ ಎಂದರೆ ಮನೆಯ ಜಂತೆಯ ಹಾಗೆ ಎಂದು ತಿಳಿದಿದ್ದ, ಅಷ್ಟೇ. ಜಂತೆ ಎದ್ದು ಬೇರೆ ಮನೆಗೆ ಹೋಗಿ ನಿಂತರೆ ಯಾರಿಗಾದರೂ ದಿಗಿಲಾಗುತ್ತದೆ.

ಖಾನಾವಳಿಯ ಬಾಗಿಲಲ್ಲಿ ಅಪ್ಪ ನಿಂತ. ಹೊಸಿಲು ದಾಟಲಿಲ್ಲ. ಅತ್ತೆ ಹಿಟ್ಟಿನ ಕೈಯಲ್ಲಿಯೇ ಎದ್ದು ಬಂದಳು.

"ಬಾ ಅಣ್ಣಾ."

"ಬರೂದಲ್ಲ, ಮನಿಗೆ ನಡಿ. ಕಂಡಕಂಡವರಿಗೆ ರೊಟ್ಟಿ ಬಡಿಯೋ ಹಣೇಬರ ಏನ್ ಬಂದೈತಿ ನಿನಗ? ನಾ ಸತ್ತೇನೇನು?"

ಅತ್ತೆ ಕೈಗೆ ಹತ್ತಿದ ಹಿಟ್ಟನ್ನು ಉಜ್ಜಿ ಉದುರಿಸಿದಳು. "ನೀ ನೂರು ವರ್ಷ ಬಾಳು ಅಣ್ಣಾ. ನಿನ್ನ ಮನ್ಯಾಗೂ ರೊಟ್ಟಿನಽ ಬಡದೇನಿ, ಇಲ್ಲೂ ರೊಟ್ಟಿನಽ ಬಡೀತೇನಿ. ಅಲ್ಲಿ ನಿನ್ನ ತಂಗಿ, ಬಾಳ್ಯಾನ ಅತ್ತಿ ಆಗಿದ್ದೆ. ಅದಕ್ಕೇನೂ ಕಡಿಮಿ ಇರಲಿಲ್ಲ. ಇಲ್ಲಿ ನಾ ನೀಲವ್ವ ಅದೇನಿ. ಇಷ್ಟು ವರ್ಷದ ಮ್ಯಾಲೆ ನನ್ನ ಹೆಸರು ನನಗ ಸಿಕ್ಕೈತಿ. ಬಾ, ಮೊದಲು ಉಣ್ಣು. ಹಸದಾಗ ನಿನಗ ಸಿಟ್ಟು ಬಾಳ."

ಅಷ್ಟರಲ್ಲಿ ಒಳಗಿನಿಂದ ಒಬ್ಬ ಗಾಡಿಯವನು, "ನೀಲವ್ವಾರ, ಇನ್ನೊಂದು ರೊಟ್ಟಿ ಕೊಡ್ರಿ" ಎಂದು ಕರೆದ. ಅತ್ತೆ, "ಬಂದೆಪಾ" ಎಂದು ತಿರುಗಿ ಹೋದಳು. ಅಪ್ಪ ಆ ಕರೆದವನನ್ನೇ ನೋಡುತ್ತ ನಿಂತ. ತಂಗಿಯ ಹೆಸರಿಗೆ 'ಅವರು' ಸೇರಿದ್ದನ್ನು ಅವನು ಎಲ್ಲಿಯೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಅವಳು 'ಏ ನೀಲಿ'.

ಬಹಳ ಹೊತ್ತಿನ ಮೇಲೆ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಸಾಲಿನಲ್ಲಿ ಕುಳಿತ. ಬಾಜೂದಲ್ಲಿ ನಾನು ಕುಳಿತೆ. ನನ್ನ ಭಾಷಣ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಎಣ್ಣೆಗಾಯಿ ಬಂದದ್ದರಿಂದ ಅದನ್ನು ನುಂಗಿದೆ. ಮನೆಯಲ್ಲಿ ಅಪ್ಪನಿಗೆ ರೊಟ್ಟಿ ಬೇಕಾದರೆ ಬಾಯಿ ತೆರೆಯುವ ರೂಢಿಯಿಲ್ಲ. ತಾಟಿನ ಅಂಚಿಗೆ ಬೆರಳಿನಿಂದ ಬಡಿದರೆ ಸಾಕು, ಅತ್ತೆ ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಈಗಲೂ ಅವನ ಬೆರಳು ಬಡಿಯಿತು. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಬಡಿದ. ಅತ್ತೆ ಬೆನ್ನು ತಿರುಗಿಸಿಕೊಂಡು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಗಂಟಲು ಸರಿಮಾಡಿಕೊಂಡ. ಆಮೇಲೆ, ಅಷ್ಟೇನೂ ದೊಡ್ಡದಲ್ಲದ ದನಿಯಲ್ಲಿ ಹೇಳಿದ:

"ನೀಲವ್ವಾರ... ಇನ್ನೊಂದು ರೊಟ್ಟಿ ಕೊಡ್ರಿ."

ಅತ್ತೆ ತಿರುಗಿದಳು. ಯಾರು ಕರೆದರೆಂದು ಸಾಲಿನ ಗುಂಟ ನೋಡುತ್ತ ಬಂದ ಕಣ್ಣು ಅಣ್ಣನ ಮುಖದ ಮೇಲೆ ನಿಂತಿತು. ಸೆರಗು ಬಾಯಿಗೆ ಹೋಯಿತು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಒಲೆಯ ಮುಂದಿನ ಹೆಂಗಸರಿಗೆ ಹೊಗೆಯ ನೆಪ ಯಾವಾಗಲೂ ಇರುತ್ತದೆ. ಎದ್ದು ಬಂದು ಅಪ್ಪನ ತಾಟಿಗೆ ಎರಡು ರೊಟ್ಟಿ ಹಾಕಿದಳು.

"ಒಂದಽ ಕೇಳಿದ್ದು" ಎಂದ ಅಪ್ಪ, ತಲೆಯೆತ್ತದೆ.

"ಒಂದು ಕೇಳಿದವರಿಗೆ. ಇನ್ನೊಂದು ನಮ್ಮಣ್ಣಗ."

ಮನೆಗೆ ನಡಿ ಎಂಬ ಮಾತು ಆಮೇಲೆ ಬರಲಿಲ್ಲ. ಹೊರಡುವಾಗ ಅಪ್ಪ ಗಂಗವ್ವನ ಮುಂದೆ ಕೈಮುಗಿದು, "ಮುಂದಿನ ವಾರ ಹೊಸ ಜ್ವಾಳ ಬರ್ತಾವ್ರಿ, ನಮ್ಮ ಹೊಲದಾವು" ಎಂದಷ್ಟೇ ಹೇಳಿದ.

ಮರಳಿ ಬರುವಾಗ ಮೋಟಾರು ಘಟಪ್ರಭೆ ದಾಟಿತು. ಅಪ್ಪ ನನ್ನ ಕಡೆ ತಿರುಗಿ, "ಅದೇನೋ ಅಂದಿಯಲ್ಲ, ಸ್ವರಾಜ್ಯ. ಹಂಗಂದ್ರ..." ಎಂದ. ನಾನು ಉತ್ಸಾಹದಿಂದ ಬಾಯಿ ತೆರೆದೆ. ಅಪ್ಪ ಗಾಬರಿಯಿಂದ ಕೈ ಅಡ್ಡ ಹಿಡಿದು, "ಬ್ಯಾಡ, ಬ್ಯಾಡ. ನೀ ಅರ್ಥ ಹೇಳಿದ್ರ ನಾನೂ ಎಲ್ಲ್ಯರ ಹೋಗಿಬಿಟ್ಟೇನು" ಎಂದ. ಆಮೇಲೆ ನನ್ನ ಇಳಿದ ಭುಜಗಳನ್ನೂ, ಗುಂಡಿ ಕಿತ್ತ ಅಂಗಿಯನ್ನೂ, ಒಲೆಯ ಮಸಿ ಹತ್ತಿದ ಬೆರಳುಗಳನ್ನೂ ನೋಡಿದ. "ಯಮಕನಮರಡಿ ಕಡೆ ಒಂದು ಹೆಣ್ಣು ಐತಿ. ಮಂದಿ ಛಲೋ ಅದಾರ. ಹುಡುಗಿ ಒಂದೀಟು ಜೋರ್ ಅಂತ ಹೇಳ್ತಾರ. ತನ್ನ ಮಾತಽ ನಡೀಬೇಕು ಅಂತಾಳಂತ. ನಿನಗ ನಡೀತೈತೇನು? ಎಷ್ಟಂದ್ರೂ ನೀ ಸ್ವರಾಜ್ಯದ ಮಾಸ್ತರ."

ನನ್ನ ಉತ್ತರ ಎಷ್ಟು ಬೇಗ ಬಂತೆಂದರೆ ಟಿಕೀಟು ಹರಿಯುತ್ತಿದ್ದ ಕಂಡಕ್ಟರನೂ ತಿರುಗಿ ನೋಡಿದ.

"ಇರ್ಲಿ ಬಿಡ್ರಿ ಅಪ್ಪಾ. ಮನಿ ಅಂದ ಮ್ಯಾಲೆ ಆಳಾಕ ಯಾರರ ಬ್ಯಾಡೇನ್ರಿ?"